ಮುಖ ಕೊಟ್ಟು ಕೂರುವುದು

ಜನವರಿ 9

ಅತ್ತೆ,

ನೀವು ಮಾಡಿದ್ದು ಅನ್ಯಾಯ. ಮೂವರು ದುಡಿಯುವ ಹೆಂಗಸರನ್ನು ಗಂಟೆಗಟ್ಟಲೆ ನಿಲ್ಲಿಸಿ ಚಿತ್ರ ಬರೆದಿರಿ, ಒಬ್ಬರಿಗೂ ಮುಖ ಕೊಡಲಿಲ್ಲ.

ನಿನ್ನೆ ಪ್ರೆಸ್ಸಿನ ಕೆಲಸ ಮುಗಿಸಿ, ಕೈಯ ಮಸಿಯನ್ನೂ ತೊಳೆಯದೆ ನಿಮ್ಮ ಪ್ರದರ್ಶನಕ್ಕೆ ಓಡಿದ್ದೆ. ಬಾಗಿಲಲ್ಲಿ ನಿಂತಿದ್ದವನು ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದ. "ಚಿತ್ರ ಬರೆದವರ ತಮ್ಮನ ಮಗಳು" ಎಂದು ಎದೆಯುಬ್ಬಿಸಿ ಹೇಳಿ ಒಳಗೆ ಹೋದೆ. ಆ ದೊಡ್ಡ ಚಿತ್ರ ನೋಡಿದ ಕೂಡಲೇ ಅದು ನಿಮ್ಮ ಸ್ಟುಡಿಯೋದ ಕೆಳಗಿನ ಲಾಂಡ್ರಿ ಎಂದು ಗೊತ್ತಾಯಿತು. ಹಬೆ ಇದೆ, ಒದ್ದೆ ಚಾದರದ ಭಾರ ಇದೆ, ಆ ಭಾರಕ್ಕೆ ಬಾಗಿದ ಬೆನ್ನುಗಳಿವೆ. ಬೆನ್ನು ನೋಡಿಯೇ ಲಾಂಡ್ರಿ ಅಕ್ಕ ಯಾರು ಎಂದು ಹೇಳಿಬಿಡಬಹುದು. ಆದರೆ ಮುಖವಿರಬೇಕಾದ ಜಾಗದಲ್ಲಿ ಒರೆಸಿಬಿಟ್ಟ ಹಾಗೆ ಒಂದು ಬೂದು ಕಲೆ. ಮೂವರಿಗೂ ಅದೇ.

ಪಕ್ಕದ ಗೋಡೆಯಲ್ಲಿ ಬೇರೆ ಯಾರೋ ಬರೆದ ಒಬ್ಬ ಸಾಹುಕಾರರ ಚಿತ್ರವಿತ್ತು. ಅವರಿಗೆ ಮುಖ ಮಾತ್ರವಲ್ಲ, ಎರಡೆರಡು ಗಲ್ಲವೂ ಸಿಕ್ಕಿವೆ. ನಿಮ್ಮ ಚಿತ್ರದ ಕೆಳಗೆ ಪ್ರದರ್ಶನದವರು ಚೀಟಿ ಅಂಟಿಸಿದ್ದಾರೆ: 'ಮುಖವಿಲ್ಲದ್ದರಿಂದಲೇ ಇವರು ನಾವೆಲ್ಲರೂ ಆಗಿದ್ದಾರೆ.' ಓದಿ ಮೈ ಉರಿಯಿತು. ನನ್ನ ಬಳಿ ಎಂಟು ಪುಟದ ಒಂದು ಕರಪತ್ರವಿದೆ, ನೂರು ಸಲ ಓದಿ ಮಡಿಕೆಯಲ್ಲಿ ಹರಿದುಹೋಗಿದೆ. ಅದರಲ್ಲಿ ಒಂದು ಮಾತಿದೆ: ದುಡಿಯುವವರ ಕೈ ಎಲ್ಲರಿಗೂ ಬೇಕು, ಮುಖ ಯಾರಿಗೂ ಬೇಡ. ನೀವೂ ಹಾಗೇ ಮಾಡುವುದೇ?

ಇನ್ನೊಂದು ಮಾತು. ನವೆಂಬರಿನಲ್ಲಿ ನಾನು ಬಂದಿದ್ದಾಗ ನೀವು ಇಡೀ ಮಧ್ಯಾಹ್ನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ನಾನು ಎದುರು ಕೂತಿದ್ದರೆ ನೀವು ನನ್ನ ಕಿವಿಯನ್ನೋ ಹಿಂದಿನ ಗೋಡೆಯನ್ನೋ ನೋಡುತ್ತಿದ್ದಿರಿ. ಕಾಲೇಜು ಬಿಟ್ಟು ಪ್ರೆಸ್ಸಿಗೆ ಸೇರಿದ್ದು ನಿಮಗೆ ಹಿಡಿಸಲಿಲ್ಲ ಎಂದು ಅರ್ಥಮಾಡಿಕೊಂಡೆ. ಹಿಡಿಸದಿದ್ದರೆ ಬೈಯಿರಿ. ಬೈಗುಳ ತಡೆದುಕೊಳ್ಳಬಲ್ಲೆ. ಗೋಡೆ ನೋಡಿದರೆ ತಡೆಯಲಾರೆ.

ನಿಮ್ಮ
ಬೆಂಕಿಪೊಟ್ಟಣ
(ಹೆಸರಿಟ್ಟವರು ನೀವೇ. ಅನುಭವಿಸಿ.)


ಜನವರಿ 21

ಬೆಂಕಿಪೊಟ್ಟಣವೇ,

ನಿನ್ನ ಪತ್ರ ಬಂತು. ಲಕೋಟೆ ಇನ್ನೂ ಬೆಚ್ಚಗಿತ್ತು.

ಮೊದಲು ನಿನ್ನ ಕಿವಿಯ ವಿಚಾರ. ಅದು ನಿನ್ನಜ್ಜಿಯ ಕಿವಿ, ಅಂದರೆ ನನ್ನಮ್ಮನದು. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಅದು ಬರಲಿಲ್ಲ. ಒಳ್ಳೆಯ ಕಿವಿ ಕಂಡಲ್ಲಿ ನೋಡುವುದು ನನ್ನ ಕಸುಬು. ಇನ್ನು ಕಾಲೇಜು: ನಾನೇ ಓದು ಅರ್ಧಕ್ಕೆ ಬಿಟ್ಟವಳು, ನಿನ್ನನ್ನು ಯಾವ ಬಾಯಲ್ಲಿ ಬೈಯಲಿ?

ಮುಖಗಳು ಇನ್ನೂ ಬಂದಿಲ್ಲ ಎಂದುಕೋ. ಕೆಲವು ನೆಂಟರು ಊಟ ಮುಗಿದ ಮೇಲೆ ಬರುತ್ತಾರೆ.

ಇಲ್ಲಿ ಎಲ್ಲ ಎಂದಿನಂತೆ. ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ಕಿಟಕಿ ತೆರೆಯುತ್ತೇನೆ. ರಾತ್ರಿಯೆಲ್ಲ ಮುಚ್ಚಿದ ಕೋಣೆಯ ಟರ್ಪೆಂಟೈನ್ ವಾಸನೆ ಹೊರಗೆ ಹೋಗುತ್ತದೆ, ಲಾಂಡ್ರಿಯ ಸೋಪಿನ ಹಬೆ ಒಳಗೆ ಬರುತ್ತದೆ. ನಿನ್ನೆಯ ಬಣ್ಣಕ್ಕೆ ಹಾಲಿನ ಕೆನೆಯಂತೆ ಪೊರೆ ಕಟ್ಟಿರುತ್ತದೆ, ಅದನ್ನು ಚಾಕುವಿನಿಂದ ಎತ್ತಿ ತೆಗೆಯುತ್ತೇನೆ. ನನಗೆ ದಿನದ ಅತ್ಯಂತ ಸುಖದ ಕೆಲಸ ಅದು. ಆಮೇಲೆ ಟೀ. ಟೀ ಲೋಟಕ್ಕೆ ಬ್ರಷ್ ಅದ್ದುವುದು, ಬ್ರಷ್ ತೊಳೆಯುವ ಡಬ್ಬಿಯನ್ನು ತುಟಿಗೆ ಒಯ್ಯುವುದು, ಇದೂ ಎಂದಿನಂತೆ.

ಲಾಂಡ್ರಿ ಅಕ್ಕ ಮೊನ್ನೆ ನಿಂತು ಕೊಡಲು ಬಂದಿದ್ದಳು. "ನಿಲ್ಲೋದು ಕಷ್ಟ ಇಲ್ಲ ಅಕ್ಕ. ನೀವು 'ಮಾತಾಡ್ಬೇಡ' ಅಂತೀರಲ್ಲ, ಅದು ಕಷ್ಟ. ಇಸ್ತ್ರಿಪೆಟ್ಟಿಗೆಯಾದ್ರೂ ಬಿಸಿಯಾದ್ರೆ ಬುಸ್ ಅನ್ನುತ್ತೆ" ಎಂದಳು. ಮಾತಾಡಲು ಬಿಟ್ಟೆ. ಮಾತಾಡುವಾಗ ಅವಳ ಹೆಗಲು ಚೆನ್ನಾಗಿ ಆಡುತ್ತದೆ.

ಒಂದು ಉಪಕಾರ ಮಾಡು. ನಿನ್ನ ಪ್ರೆಸ್ಸಿನ ಬೀದಿಯಲ್ಲಿ ಗುಂಡಿ, ದಾರ ಮಾರುವ ಅಂಗಡಿ ಇದೆಯಲ್ಲ? ಅಲ್ಲಿಂದ ದೊಡ್ಡ ದೊಡ್ಡ ಗುಂಡಿಗಳು ಬೇಕು. ಒಂದರಂತೆ ಒಂದು ಇರಬಾರದು. ಚೌಕ, ದುಂಡು, ಮೂಲೆ ಇರುವುದು, ನಡುವೆ ಗುಳಿ ಬಿದ್ದದ್ದು, ಹೀಗೆ. ಬಣ್ಣ ಯಾವುದಾದರೂ ಆದೀತು.

ಸಾಲುಗಳು ಕೆಳಕ್ಕೆ ಜಾರಿವೆ, ಬೈಯಬೇಡ. ಮೇಜಿನ ಒಂದು ಕಾಲು ಗಿಡ್ಡ.

ನಿನ್ನ
ಅತ್ತೆ


ಫೆಬ್ರವರಿ 4

ಅತ್ತೆ,

ಗುಂಡಿಗಳನ್ನು ಕಳಿಸಿದ್ದೇನೆ. ಅಂಗಡಿಯವನು "ಯಾವ ಕೋಟಿಗೆ ತಾಯಿ, ಇಷ್ಟು ಥರದ್ದು?" ಎಂದ. "ನಮ್ಮತ್ತೆಗೆ" ಎಂದೆ. ಅವನಿಗೆ ನಿಮ್ಮ ಮೇಲೆ ಅನುಕಂಪ ಹುಟ್ಟಿತು. ಬಣ್ಣ ಯಾವುದಾದರೂ ಆದೀತು ಎಂದು ಚಿತ್ರ ಬರೆಯುವವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ನೆಂಟರ ತಮಾಷೆಗೆ ನಕ್ಕೆ. ಆದರೆ ಅದು ಉತ್ತರವಲ್ಲ. ನೀವು ಉತ್ತರ ಕೊಡದ ಕಾರಣ ನಾನು ಸಾರ್ವಜನಿಕವಾಗಿ ಕೇಳಬೇಕಾಯಿತು. ನಮ್ಮ ಕಾರ್ಮಿಕ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದೇನೆ, 'ಮುಖ ಕೊಡಿ' ಎಂದು ತಲೆಬರಹ. ನಿಮ್ಮ ಹೆಸರು ಹಾಕಿಲ್ಲ. 'ಒಬ್ಬ ಹಿರಿಯ ಕಲಾವಿದೆ' ಎಂದಷ್ಟೇ ಇದೆ. ಒಂದು ಪ್ರತಿ ಇಟ್ಟಿದ್ದೇನೆ. ಓದಿ, ಸಿಟ್ಟಾಗಿ, ಆಮೇಲೆ ಜಗಳವಾಡಿ. ಪ್ರೀತಿಸುವವರನ್ನು ಪ್ರಶ್ನಿಸದೆ ಬಿಡುವುದು ಅವರಿಗೆ ಮಾಡುವ ಅವಮಾನ ಎಂದು ನಾನು ನಂಬಿದ್ದೇನೆ.

ಅಪ್ಪನಿಗೆ ನಿಮ್ಮ ಪತ್ರ ತೋರಿಸಿದೆ. ಬಸ್ ಡಿಪೋದಿಂದ ಬಂದು ಗ್ರೀಸಿನ ಕೈಯಲ್ಲೇ ಹಿಡಿದುಕೊಂಡರು. ಓದುವುದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಅಕ್ಕನ ಅಕ್ಷರ ಹೀಗಿರಲಿಲ್ಲ ಕಣೇ. ರೂಲರ್ ಇಟ್ಟ ಹಾಗೆ ಬರೀತಿದ್ದಳು" ಎಂದರು. ಮೇಜಿನ ಕಾಲು ಗಿಡ್ಡವಂತೆ ಎಂದೆ. ಪತ್ರ ಮಡಿಸಿ ಕೊಟ್ಟರು. ಊಟಕ್ಕೆ ಕೂತಾಗ, "ವಯಸ್ಸಾಯ್ತು, ಆ ಮೆಟ್ಟಿಲು, ಆ ಒಂಟಿ ಕೋಣೆ. ಇಲ್ಲಿಗೇ ಕರ್ಕೊಂಡು ಬಂದುಬಿಡೋಣ" ಎಂದರು.

ನಾನೂ ಹೂಂ ಎಂದೆ ಅತ್ತೆ. ಸಿಟ್ಟಿನಿಂದಲ್ಲ, ಯೋಚಿಸಿಯೇ. ಒಬ್ಬೊಬ್ಬರೂ ಒಂದೊಂದು ಕೋಣೆಯ ಬಾಗಿಲು ಹಾಕಿಕೊಂಡು ಬದುಕುವುದು ಈ ಕಾಲದ ರೋಗ ಎಂದು ಓದಿದ್ದೇನೆ. ಇಲ್ಲಿ ಬನ್ನಿ. ನಮ್ಮ ಹಜಾರದ ಮೂಲೆಯಲ್ಲಿ ಚಿತ್ರ ಬರೆಯಿರಿ. ಮನೆಯವರ ನಡುವೆ ಇದ್ದರೆ ಮುಖಗಳೂ ತಾವಾಗಿ ಬರುತ್ತವೆ.

ನಿಮ್ಮ
ಬೆಂಕಿಪೊಟ್ಟಣ


ಮಾರ್ಚ್ 3

ಅತ್ತೆ,

ಒಂದು ತಿಂಗಳಾಯಿತು. ಉತ್ತರವಿಲ್ಲ.

ಲೇಖನಕ್ಕೆ ಸಿಟ್ಟೇ? ಸಂಘದಲ್ಲಿ ಅದನ್ನು ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ದಿನ ಕಳೆದಂತೆ ಅದು ರುಚಿಸುತ್ತಿಲ್ಲ. ವಾದ ಸರಿಯಾಗಿದೆ, ಈಗಲೂ ಹಾಗೇ ಹೇಳುತ್ತೇನೆ. ಆದರೆ 'ಹಿರಿಯ ಕಲಾವಿದೆ' ಎಂದು ಬರೆದೆನಲ್ಲ, ಓದಿದಾಗಲೆಲ್ಲ ಅವರು ಯಾರೋ ಗೊತ್ತಿಲ್ಲದ ಹೆಂಗಸು ಅನ್ನಿಸುತ್ತದೆ. ಎಂಟು ವರ್ಷದ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅಲುಗಾಡದಿದ್ದರೆ ಮೂಗಿಗೆ ನೀಲಿ ಹಚ್ಚುತ್ತೇನೆ ಎಂದು ಆಸೆ ತೋರಿಸಿದವರು ಅವರಲ್ಲ.

ಫೋನಿಗೆ ನೀವು ಬರುವುದಿಲ್ಲ ಎಂದು ಗೊತ್ತು. ಆದರೂ ಲಾಂಡ್ರಿಗೆ ಮಾಡಿದೆ. ಲಾಂಡ್ರಿ ಅಕ್ಕ "ಮೇಲಿದ್ದಾರೆ, ಚೆನ್ನಾಗಿದ್ದಾರೆ, ಪತ್ರ ಬರೆಸ್ತೀನಿ" ಎಂದರು. ಬರೆಯುತ್ತಾರೆ ಎನ್ನಲಿಲ್ಲ, ಬರೆಸುತ್ತೇನೆ ಎಂದರು. ಯಾಕೆ?

ಅಪ್ಪ ಡಿಪೋದ ಗೆಳೆಯನ ಲಾರಿಗೆ ಹೇಳಿದ್ದಾರೆ. ಏಪ್ರಿಲ್ ಐದು, ಭಾನುವಾರ. ನಿಮ್ಮ ಸಾಮಾನೆಲ್ಲ ಒಂದೇ ಸಲಕ್ಕೆ ಹಿಡಿಸುತ್ತದಂತೆ. ದೊಡ್ಡ ಕ್ಯಾನ್ವಾಸುಗಳಿಗೆ ಮಾತ್ರ ಜಾಗವಿಲ್ಲ, ಯಾರಿಗಾದರೂ ಕೊಟ್ಟುಬಿಡಬೇಕಂತೆ. ನಿಮ್ಮನ್ನು ಕೇಳದೆ ದಿನ ಗೊತ್ತುಮಾಡಿದ್ದು ನನಗೆ ಸರಿಬರಲಿಲ್ಲ. ಹೇಳಿದರೆ, "ಕೇಳಿದ್ರೆ ಬೇಡ ಅಂತಾಳೆ" ಎನ್ನುತ್ತಾರೆ.

ಒಂದು ಸಾಲು ಬರೆಯಿರಿ. ಜಾರಿದರೂ ಪರವಾಗಿಲ್ಲ.

ಬೆಂಕಿ ಆರಿದ
ಪೊಟ್ಟಣ


ಮಾರ್ಚ್ 11

ಮಗಳೇ ಬೆಂಕಿಪೊಟ್ಟಣ,

ಇದು ನನ್ನ ಅಕ್ಷರವಲ್ಲ. ಲಾಂಡ್ರಿ ಅಕ್ಕನ ಕೈಯಲ್ಲಿ ಬರೆಸುತ್ತಿದ್ದೇನೆ. ಬಲಗೈ ಬೆರಳು ಉಳುಕಿದೆ.

(ಸುಳ್ಳು. ಬೆರಳು ಗಟ್ಟಿಮುಟ್ಟಾಗಿದೆ. ಈಗ ತಾನೇ ಅದೇ ಬೆರಳನ್ನು ನನ್ನ ಕಡೆ ಆಡಿಸಿ "ನೆಟ್ಟಗೆ ಬರಿ" ಅಂದರು. ಇದನ್ನು ನಾನೇ ಸೇರಿಸುತ್ತಿದ್ದೇನೆ ಮಗಳೇ, ಬರೆಯುತ್ತಿರುವವಳು.)

ನಿನ್ನ ಲೇಖನ ಓದಿದೆ. ಚೆನ್ನಾಗಿದೆ. ಮೂರನೆಯ ಪ್ಯಾರಾದಲ್ಲಿ ಮಾತ್ರ ಉಸಿರು ಎಳೆದುಕೊಳ್ಳಲು ಜಾಗ ಬಿಟ್ಟಿಲ್ಲ.

(ಓದಿದ್ದು ನಾನು. ಇವರು ಕೇಳಿದ್ದು. ಉಸಿರು ಸಿಗದೆ ಒದ್ದಾಡಿದ್ದೂ ನಾನೇ.)

"ಅಷ್ಟು ಹೊತ್ತು ಏನು ಬರೀತಿದ್ದೀಯ? ನಾನು ಹೇಳಿದ್ದು ಒಂದೇ ಸಾಲು" ಅನ್ನುತ್ತಿದ್ದಾರೆ. "ನನ್ನ ಅಕ್ಷರ ದಪ್ಪ ಅಕ್ಕ, ಜಾಸ್ತಿ ಹೊತ್ತು ಹಿಡಿಯುತ್ತೆ" ಅಂದೆ. "ಓದಿ ಹೇಳು" ಅಂದರು. ಓದಿ ಹೇಳಿದೆ. ಬೈಯುತ್ತಿದ್ದಾರೆ. ಅದನ್ನು ಬರೆಯುವುದಿಲ್ಲ, ನೀನು ಇನ್ನೂ ಚಿಕ್ಕವಳು.

ಈಗ ನಾನು ಹೇಳಿದೆ, "ಅಕ್ಕ, ನೀವು ಹೇಳ್ತೀರೋ, ನಾನೇ ಬರೀಲೋ? ಆ ಹುಡುಗಿ ಫೋನಲ್ಲಿ ಅಳೋ ಹಾಗಿದ್ದಳು." ಕಿಟಕಿ ಕಡೆ ತಿರುಗಿ ಕೂತರು. ಈಗ "ಸರಿ, ಬರಿ. ಒಂದಕ್ಷರ ಕೂಡಿಸಿದರೆ ಚಿತ್ರದಲ್ಲಿ ನಿನ್ನ ತಲೆಗೆ ಕೊಂಬು ಬರೆಯುತ್ತೇನೆ" ಅಂದಿದ್ದಾರೆ. ಇನ್ನು ಮುಂದೆ ಎಲ್ಲ ಅವರ ಮಾತೇ.

ಮಗಳೇ, ನನ್ನ ಎರಡೂ ಕಣ್ಣಿನ ನಡುಭಾಗ ಸವೆದುಹೋಗಿದೆ. ಕುರುಡಿಯಲ್ಲ, ಹೆದರಬೇಡ. ಡಾಕ್ಟರು ಚೆನ್ನಾಗಿ ಬಿಡಿಸಿ ಹೇಳಿದರು. ಹೋದ ನಡು ಬರುವುದಿಲ್ಲ. ಇರುವ ಅಂಚು ಹೋಗುವುದಿಲ್ಲ. ನೇರವಾಗಿ ಏನನ್ನು ನೋಡಿದರೂ ಅದರ ನಡುವೆ ಯಾರೋ ಬೂದು ಬಣ್ಣದ ಹೆಬ್ಬೆಟ್ಟು ಒತ್ತಿದ ಹಾಗೆ. ಚಾದರ, ಹಬೆ, ಬೆನ್ನು ಎಲ್ಲ ದೊಡ್ಡವು, ಅಂಚಿಗೆ ಸಿಗುತ್ತವೆ. ಮುಖ ಸಣ್ಣ ಕೆಲಸ, ಆ ಹೆಬ್ಬೆಟ್ಟಿನ ಅಡಿಗೇ ಸರಿಯಾಗಿ ಬಂದು ಕೂರುತ್ತದೆ. ಆ ಮೂವರ ಮುಖದ ಜಾಗದಲ್ಲಿ ನನಗೆ ಕಂಡದ್ದು ಬೂದು. ಕಂಡದ್ದನ್ನು ಬರೆದೆ.

ನಿನ್ನ ಕಿವಿ ನೋಡಿದ್ದೂ ಅದಕ್ಕೇ. ಕಿವಿಯ ಮೇಲೆ ಕಣ್ಣಿಟ್ಟರೆ ಆ ಹೆಬ್ಬೆಟ್ಟು ಕಿವಿಯ ಮೇಲೆ ಹೋಗಿ ಕೂರುತ್ತದೆ, ಮುಖ ಪಕ್ಕಕ್ಕೆ ತಪ್ಪಿಸಿಕೊಂಡು ಕಾಣುತ್ತದೆ. ನವೆಂಬರಿನಲ್ಲಿ ಅದನ್ನು ಆಗತಾನೇ ಕಲಿಯುತ್ತಿದ್ದೆ. ಇಡೀ ಮಧ್ಯಾಹ್ನ ನಾನು ನಿನ್ನ ಮುಖವನ್ನೇ ನೋಡಿದೆ ಮಗಳೇ. ಅಷ್ಟು ಕಷ್ಟಪಟ್ಟು ಯಾರ ಮುಖವನ್ನೂ ನೋಡಿಲ್ಲ. ನಿನ್ನ ಹುಬ್ಬಿನ ಮೇಲೆ ಮಸಿಯ ಗುರುತಿತ್ತು. ನೀನು ಹೋದ ಮೇಲೂ ಆ ಸಂತೋಷ ಉಳಿದಿತ್ತು.

ಗುಂಡಿಗಳು ಬಣ್ಣದ ಟ್ಯೂಬುಗಳಿಗೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಲಾಗುವುದಿಲ್ಲ. ದಾರ ಕಟ್ಟಿ ಒಂದೊಂದಕ್ಕೆ ಒಂದೊಂದು ತೂಗುಹಾಕಿದ್ದೇನೆ. ಚೌಕ ಅಂದರೆ ಬಿಳಿ. ಗುಳಿ ಬಿದ್ದದ್ದು ಕಡುನೀಲಿ. ಆನೆಯ ಕಿವಿಯಂಥದ್ದೊಂದು ಕಳಿಸಿದ್ದೀಯ, ಅದು ಕೆಂಪು.

ಯಾರಿಗೂ ಹೇಳಲಿಲ್ಲ, ಯಾಕೆಂದರೆ ನನ್ನ ತಮ್ಮನನ್ನು ನಾನು ಬಲ್ಲೆ. ಕಣ್ಣು ಮಸುಕು ಎಂದರೆ ಸಾಕು, ಲಾರಿ ತರುತ್ತಾನೆ. ಕಣ್ಣಿನ ಸುದ್ದಿಯಿಲ್ಲದೆಯೇ ತರುತ್ತಿದ್ದಾನೆ ನೋಡು! ಅವನದು ಬರೀ ಪ್ರೀತಿ, ಅದಕ್ಕೇ ಹೆದರಿಕೆ. ನಿಮ್ಮ ಹಜಾರದಲ್ಲಿ ನಾನು ಊಟ ಮಾಡಬಲ್ಲೆ, ನಿದ್ದೆ ಮಾಡಬಲ್ಲೆ, ನಿನ್ನ ಭಾಷಣ ಕೇಳಬಲ್ಲೆ. ಚಿತ್ರ ಬರೆಯಲಾರೆ. ಇಲ್ಲಿ ಚಿತ್ರ ನಿಲ್ಲಿಸುವ ಈಸಲ್ ಎಲ್ಲಿದೆ, ಎಣ್ಣೆ ಸೀಸೆ ಎಲ್ಲಿದೆ, ಬೆಳಕು ಯಾವಾಗ ನೆಲದ ಯಾವ ಹಲಗೆಗೆ ಬರುತ್ತದೆ, ಎಲ್ಲ ನನ್ನ ಕೈಗೂ ಕಾಲಿಗೂ ಗೊತ್ತು. ಬೇರೆ ಕೋಣೆಯನ್ನು ಕಲಿಯಲು ಈ ಕಣ್ಣಿಗೆ ಆಗುವುದಿಲ್ಲ. ಇಲ್ಲಿಂದ ಎಬ್ಬಿಸಿದರೆ ನಾನು ಚಿತ್ರ ಬರೆಯುವವಳಲ್ಲ, ನಿಮ್ಮ ಮನೆಯ ಮುದುಕಿ.

ಕೊನೆಯ ಮಾತು. ನಿನ್ನ ಲೇಖನ ತಪ್ಪಲ್ಲ. ಪ್ರದರ್ಶನದವರು ಆ ಚೀಟಿಯ ಹೊಗಳಿಕೆಯನ್ನು ನನಗೆ ಓದಿ ಹೇಳಿದಾಗ 'ಅಲ್ಲ ಸ್ವಾಮಿ, ನನಗೆ ಕಾಣಲಿಲ್ಲ ಅಷ್ಟೇ' ಎನ್ನಬಹುದಿತ್ತು. ಎನ್ನಲಿಲ್ಲ. ಮುಖ ಕೊಡಬೇಕಾದ್ದೇ.

ಅತ್ತೆ

(ಕೊಂಬಿಗೆ ಹೆದರಿ ಏನೂ ಕೂಡಿಸಿಲ್ಲ. ಮೆಟ್ಟಿಲಲ್ಲಿ ನಾವು ಲಾಂಡ್ರಿಯ ಮೂವರೂ ಕಣ್ಣಿಟ್ಟಿರುತ್ತೇವೆ ಎಂದು ನಿಮ್ಮಪ್ಪನಿಗೆ ಹೇಳು.)


ಮಾರ್ಚ್ 17

ಅತ್ತೆ.
ಲಾರಿ ಬರುವುದು ನಿಮ್ಮನ್ನು ಒಯ್ಯಲು ಅಲ್ಲ.
ಸ್ಟುಡಿಯೋ ನಿಮ್ಮದು.
ದುಡಿಯುವ ಕೈಗೇ ಸಲಕರಣೆ!
ನಾನು ಮುಖ ಕೊಟ್ಟು ಕೂರುತ್ತೇನೆ.
ಕಿವಿ ನೋಡಿ.

(ಎರಡನೆಯ ಹಾಳೆ. ಲಾಂಡ್ರಿ ಅಕ್ಕ, ಇದನ್ನು ಅತ್ತೆಗೆ ದಯವಿಟ್ಟು ಓದಿ ಹೇಳಿ. ನಡುವೆ ಕಾಮೆಂಟರಿ ಧಾರಾಳವಾಗಿ ಇರಲಿ.)

ಅತ್ತೆ, ಮೊದಲ ಹಾಳೆಯನ್ನು ನಮ್ಮ ಪ್ರೆಸ್ಸಿನ ಪೋಸ್ಟರ್ ಅಕ್ಷರದಲ್ಲಿ, ಮರದ ಅಚ್ಚುಗಳನ್ನು ನಾನೇ ಜೋಡಿಸಿ ಹಾಕಿದ್ದೇನೆ. ಒಂದೊಂದು ಅಕ್ಷರ ಅಂಗೈಯಗಲ ಇದೆ. ನೀವೇ ಓದಬೇಕೆಂದು ಆಸೆ. ಆಶ್ಚರ್ಯಸೂಚಕ ಪೆಟ್ಟಿಗೆಯಲ್ಲಿ ಒಂದೇ ಇತ್ತು. ಎಲ್ಲಿ ಹಾಕಲಿ ಎಂದು ಬಹಳ ಯೋಚಿಸಿದೆ.

ನಿಮ್ಮ ಪತ್ರ ಓದಿ ಅತ್ತುಬಿಟ್ಟೆ. ಆಮೇಲೆ ನನ್ನ ಕಿವಿ ಮುಟ್ಟಿ ನೋಡಿಕೊಂಡೆ. ಆಮೇಲೆ ನೇರ ಡಿಪೋಗೆ ಹೋದೆ. ಅಪ್ಪ ಬಸ್ಸಿನ ಅಡಿಯಲ್ಲಿದ್ದರು, ಬೂಟು ಮಾತ್ರ ಕಾಣುತ್ತಿತ್ತು. ಮಾತೆಲ್ಲ ಆ ಬೂಟಿನ ಜೊತೆಗೇ ಆಡಬೇಕಾಯಿತು.

"ಅಪ್ಪ, ಅತ್ತೆಗೆ ನೇರ ನೋಡಿದರೆ ಕಾಣಲ್ಲ. ಅಂಚಿನಲ್ಲಿ ಕಾಣುತ್ತೆ" ಎಂದು ಎಲ್ಲ ಹೇಳಿದೆ.

ಸ್ಪಾನರ್ ಸದ್ದು ನಿಂತಿತು. "ನಂಗೊತ್ತಿತ್ತು ಕಣೇ. ಅಕ್ಷರ ನೋಡಿದಾಗ್ಲೇ. ಅದಕ್ಕೇ ಲಾರಿ ಅಂದಿದ್ದು."

"ಲಾರಿ ಬೇಡ."

"ಬಿದ್ದರೆ?"

"ಬೀಳೋದಾದ್ರೆ ನಮ್ಮ ಹಜಾರದಲ್ಲೂ ಬೀಳ್ತಾರೆ. ಅಲ್ಲಿ ಬಿದ್ರೆ ಕೈಲಿ ಬ್ರಷ್ ಆದ್ರೂ ಇರುತ್ತೆ."

"ನೀನೇ ತಾನೇ ಹೇಳಿದ್ದು, ಒಂಟಿ ಕೋಣೆ ರೋಗ ಅಂತ?"

"ಹೌದು, ಹೇಳಿದ್ದೆ. ಅದು ಬಾಗಿಲು ಹಾಕಿಕೊಂಡವರ ಕೋಣೆಗೆ. ಅತ್ತೆಯ ಕೋಣೆಗೆ ಲಾಂಡ್ರಿ ಹಬೆ ಕೂಡ ಕೇಳದೆ ಬರುತ್ತೆ. ನಿಮ್ಮ ಕೈಯಿಂದ ಸ್ಪಾನರ್ ಕಿತ್ತುಕೊಂಡು, ಪಾಪ ದಣಿದಿದ್ದೀರಿ, ಹಜಾರದಲ್ಲಿ ಕೂತಿರಿ ಅಂದ್ರೆ ಹೇಗಿರುತ್ತೆ ಅಪ್ಪ?"

ಬೂಟು ಅಲುಗಿತು. ಆಮೇಲೆ ಅಪ್ಪ ಹೊರಗೆ ಜಾರಿ ಬಂದರು. ಕಣ್ಣೊರೆಸಿಕೊಂಡಿದ್ದರೆಂದು ಕಾಣುತ್ತದೆ, ಮುಖದ ತುಂಬ ಗ್ರೀಸು. "ಆ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇದೆಯಾ?" ಎಂದು ಕೇಳಿದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ ಎಂದೆ. "ನಲವತ್ತು ವರ್ಷದಿಂದ ಹತ್ತಿಳೀತಿದ್ದಾಳೆ, ನಾನು ಒಂದು ಸಲನಾದ್ರೂ ಅದನ್ನ ನೋಡಿದ್ನಾ" ಎಂದು ತಮ್ಮನ್ನೇ ಬೈದುಕೊಂಡರು.

ಅಂದಿನಿಂದ ಡಿಪೋದಲ್ಲಿ ಕೆಲಸ ಮುಗಿದ ಮೇಲೆ ಕಬ್ಬಿಣದ ಕಂಬಿ ಬೆಸೆಯುತ್ತಿದ್ದಾರೆ. ಪ್ರತಿ ತಿರುವಿನಲ್ಲೂ ಕೈಗೆ ತಿಳಿಯುವ ಹಾಗೆ ಒಂದು ಸಣ್ಣ ಉಬ್ಬು ಇಡುತ್ತಾರಂತೆ. ಗುಂಡಿಗಳ ಕಥೆ ಹೇಳಿದ ಮೇಲೆ ಹೊಳೆದದ್ದು. ಲಾರಿ ಅದೇ ಭಾನುವಾರ ಬರುತ್ತದೆ. ಬರುವಾಗ ಕಂಬಿ ತರುತ್ತದೆ, ಹೋಗುವಾಗ ಖಾಲಿ ಹೋಗುತ್ತದೆ.

ಒಂದು ಷರತ್ತು. ಮೊದಲು ಆ ಮೂವರ ಮುಖ. ಆಮೇಲೆ ನನ್ನದು. ಇದರಲ್ಲಿ ರಾಜಿ ಇಲ್ಲ.

ನಿಮ್ಮ
ಬೆಂಕಿಪೊಟ್ಟಣ


ಮಾರ್ಚ್ 26

ಬೆಂಕಿಪೊಟ್ಟಣವೇ,

ದಪ್ಪ ಬ್ರಷ್ಷಿನಲ್ಲಿ ನಾನೇ ಬರೆಯುತ್ತಿದ್ದೇನೆ. ಸಾಲು ಜಾರಿದರೆ ಜಾರಲಿ. ಮೇಜಿನ ಕಾಲು ಸರಿಯಾಗಿಯೇ ಇದೆ.

ನಿನ್ನ ಪೋಸ್ಟರನ್ನು ನೆಲಕ್ಕೆ ಹಾಸಿ, ಸುತ್ತ ನಡೆದು, ಅಂಚಿನಿಂದ ಓದಿದೆ. ಪೂರ್ತಿ ನಾನೇ ಓದಿದೆ. ಆಶ್ಚರ್ಯಸೂಚಕ ಇರಬೇಕಾದಲ್ಲೇ ಇದೆ. ಈಗ ಅದನ್ನು ಕಿಟಕಿಯ ಎದುರಿಗೆ ಅಂಟಿಸಿದ್ದೇನೆ.

ಪ್ರದರ್ಶನದವರಿಗೆ ಹೇಳಿ ಚೀಟಿ ತೆಗೆಸಿದೆ, ಚಿತ್ರವನ್ನು ವಾಪಸ್ ತರಿಸಿದೆ. 'ಮುಗಿದ ಚಿತ್ರ ಅಲ್ಲವೇ?' ಎಂದರು. ನೆಂಟರು ಬರಬೇಕು ಎಂದೆ. ಲಾಂಡ್ರಿ ಅಕ್ಕ ಮೊದಲು ಕೂತಳು. "ಕಿವಿ ನೋಡಿದ್ರೆ ಕಿವಿಗೆ ಕಚಗುಳಿ ಆಗುತ್ತೆ ಅಕ್ಕ" ಎಂದು ನಗುತ್ತಲೇ ಇದ್ದಳು. ನಾಲ್ಕು ಸಲ ಕೆರೆದು ತೆಗೆದು ಐದನೆಯ ಸಲ ಬಂತು. ಮೊದಲಿನ ಹಾಗೆ ಕೂದಲೆಳೆಯ ಕೆಲಸವಲ್ಲ, ಬ್ರಷ್ಷಿನ ದಪ್ಪ ದಪ್ಪ ಏಟುಗಳು. ಹತ್ತಿರದಿಂದ ಏನೂ ತಿಳಿಯದು. ಅವಳು ಬಾಗಿಲವರೆಗೆ ಹಿಂದೆ ಹೋಗಿ ನಿಂತು ನೋಡಿದಳು. "ಮೂಗು ನನ್ನದೇ. ಸಿಟ್ಟೂ ನನ್ನದೇ" ಎಂದಳು. ಉಳಿದಿಬ್ಬರದು ಈ ವಾರ ಮುಗಿಯುತ್ತದೆ. ನಿನ್ನ ಷರತ್ತು ಪಾಲಿಸುತ್ತಿದ್ದೇನೆ.

ತಮ್ಮನಿಗೆ ಹೇಳು, ಕಂಬಿಗೆ ಬಣ್ಣ ಹಚ್ಚದೆ ತರಲಿ. ಆ ಕೆಲಸ ಈ ಮನೆಯಲ್ಲಿ ನನ್ನದು. ಅವನು ಮೆಟ್ಟಿಲಲ್ಲಿ ಸುತ್ತಿಗೆ ಬಡಿಯುತ್ತಿರಲಿ, ನೀನು ಮೇಲೆ ಬಾ. ನೀನು ಎಂಟು ವರ್ಷದವಳಿದ್ದಾಗ ಕೂತ ಸ್ಟೂಲೇ ಇದೆ. ಹುಬ್ಬಿನ ಮಸಿ ತೊಳೆಯಬೇಡ. ಅಲುಗಾಡದಿದ್ದರೆ ಮೂಗಿಗೆ ನೀಲಿ.

ಬೆಳಕು ನಿನ್ನ ಕಿವಿಯ ಕಡೆಯಿಂದ ಬರುವ ಹೊತ್ತು ನೋಡಿಟ್ಟಿದ್ದೇನೆ. ಏಪ್ರಿಲ್ ಐದು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ.